ಮೊಡವೆಗೆ ನಾನು ಹಚ್ಚಿದ ಬೆಂಕಿ

ನನ್ನ ಮೊದಲ ಮೊಡವೆ ರೋಗಿ ನಾನೇ. ಕರಾವಳಿಯ ಕಾಲೇಜೊಂದರಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಮುಗಿಸಿ, ಅಕ್ಯುಪಂಕ್ಚರ್ ಓದಲು ಚೀನಾದ ನಾನ್‌ಜಿಂಗ್‌ಗೆ ಹೋಗಿದ್ದೆ. ಜೂನ್ ಮಧ್ಯದಿಂದ ಅಲ್ಲಿ ‘ಮೇಯ್‌ಯು’, ಅಂದರೆ ಪ್ಲಮ್ ಹಣ್ಣು ಮಾಗುವ ಕಾಲದ ಜಿಟಿಜಿಟಿ ಮಳೆ. ಮಳೆ ಬಂದರೂ ಸೆಕೆ ಇಳಿಯದು, ಒಗೆದ ಬಟ್ಟೆ ಒಣಗದು. ಆ ದಿನಗಳಲ್ಲೇ, ಇಪ್ಪತ್ತಾರರ ವಯಸ್ಸಿನಲ್ಲಿ, ನನ್ನ ಕೆನ್ನೆ ಗದ್ದಗಳಲ್ಲೆಲ್ಲ ಕೀವು ತುಂಬಿದ ಮೊಡವೆಗಳೆದ್ದವು. ಅಮ್ಮ ಫೋನಿನಲ್ಲೇ ರೋಗ ಗುರುತಿಸಿದರು: “ಉಷ್ಣವಾಗಿದೆ. ಹೆಸರುಕಾಳು ಬೇಯಿಸಿ ಕುಡಿ.”

ನಾನು ಕೇಳಲಿಲ್ಲ. ಹೊರಗಿನ ತೇವ ಮೈಗೆ ಸೇರಿದರೆ ಗುಲ್ಮ (ಸ್ಪ್ಲೀನ್, ಚೀನೀ ವೈದ್ಯದಲ್ಲಿ ಜೀರ್ಣಶಕ್ತಿಯ ಅಂಗ) ಸೋಲುತ್ತದೆ, ಅದಕ್ಕೆ ಮೋಕ್ಸಾದ ಕಾವು ಹಿತ ಎಂದು ತರಗತಿಯಲ್ಲಿ ಆಗಷ್ಟೇ ಓದಿದ್ದೆ. ಮೋಕ್ಸಾ ಎಂದರೆ ‘ಆಯ್’ ಗಿಡದ ಒಣ ಎಲೆಯನ್ನು ಕುಟ್ಟಿ, ಹತ್ತಿಯಂತೆ ಮಾಡಿ, ಕಾಗದದಲ್ಲಿ ಸುತ್ತಿದ ದಪ್ಪ ಬತ್ತಿ. ಅದನ್ನು ಹೊತ್ತಿಸಿ ಚರ್ಮದ ಹತ್ತಿರ ಹಿಡಿಯುತ್ತಾರೆ. ನಮ್ಮ ಗಣಪತಿ ಪೂಜೆಯ ಮಾಚಿಪತ್ರೆಯೂ ದವನವೂ ಅದೇ ಕುಲದ ಗಿಡಗಳು. ಆ ಹೊಗೆ ಮೂಗಿಗೆ ಬಡಿದಾಗಲೆಲ್ಲ ನನಗೆ ಚೌತಿ ನೆನಪಾಗುತ್ತಿತ್ತು. ಮೊಣಕಾಲಿನ ಕೆಳಗಿನ ಝುಸಾನ್‌ಲಿ, ಹೊಕ್ಕುಳ ಮೇಲಿನ ಝೋಂಗ್‌ವಾನ್ ಬಿಂದುಗಳಿಗೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವಾರ ಕಾವು ಕೊಟ್ಟುಕೊಂಡೆ. ಬಾಯಿ ಒಣಗಿತು, ನಿದ್ದೆ ಹಾರಿತು, ಮೊಡವೆ ಇಮ್ಮಡಿಯಾಯಿತು.

ಹೊರರೋಗಿ ವಿಭಾಗದಲ್ಲಿ ಕಲಿಸುತ್ತಿದ್ದ ಲಾವೋಶಿ (ಗುರುಗಳನ್ನು ಅಲ್ಲಿ ಹಾಗೆ ಕರೆಯುತ್ತಾರೆ) ನಾಲಿಗೆ ಚಾಚಿಸಿ ನೋಡಿದರು. ಕೆಂಪು ನಾಲಿಗೆ, ಮೇಲೆ ಜಿಡ್ಡಾದ ಹಳದಿ ಲೇಪ. “ಷಾಂಗ್‌ಹುವೋ” ಎಂದರು. ಬೆಂಕಿ ಮೇಲೇರಿದೆ ಎಂದು ಅರ್ಥ. ಊಟಕ್ಕೆ ಖಾರ ಬಿಡು, ಹೆಸರುಕಾಳಿನ ಸಾರು ಕುಡಿ ಎಂದೂ ಸೇರಿಸಿದರು. ಈ ಸಂಗತಿಯನ್ನು ಅಮ್ಮನಿಗೆ ಬಹಳ ದಿನ ತಿಳಿಸಲಿಲ್ಲ.

ಅವರು ಮಾಡಿದ ಚಿಕಿತ್ಸೆಯನ್ನೇ ಆಮೇಲೆ ನಾನೂ ಎಷ್ಟೋ ಜನರಿಗೆ ಮಾಡಿದ್ದೇನೆ. ಕತ್ತು ಬಗ್ಗಿಸಿದಾಗ ಎದ್ದು ಕಾಣುವ ದೊಡ್ಡ ಮೂಳೆಯ ಕೆಳಗಿನ ತಗ್ಗೇ ದಾಝುಯ್ ಬಿಂದು. ಅಲ್ಲಿ ಸ್ಪಿರಿಟ್ ಒರೆಸಿ, ಹೊಸ ಲ್ಯಾನ್ಸೆಟ್‌ನಿಂದ ಮೂರು ನಾಲ್ಕು ಬಾರಿ ಚುಚ್ಚಿ, ಮೇಲೆ ಚರ್ಮವನ್ನು ಹೀರಿಹಿಡಿಯುವ ಗಾಜಿನ ಬಟ್ಟಲು ಕೂರಿಸಿ ಐದಾರು ನಿಮಿಷ ಬಿಡಬೇಕು. ಒಂದೆರಡು ಚಮಚದಷ್ಟು ಕಪ್ಪು ರಕ್ತ ಬರುತ್ತದೆ. ಬಳಿಕ ಹೆಬ್ಬೆರಳು ತೋರುಬೆರಳುಗಳ ನಡುವಿನ ಹೆಗು, ಮೊಣಕೈ ಮಡಿಕೆಯ ತುದಿಯ ಚೂಚಿ, ಪಾದದ ನೇಯ್‌ಟಿಂಗ್ ಬಿಂದುಗಳಿಗೆ ಸೂಜಿ. ಚುಚ್ಚಿದ ಕಡೆ ಭಾರವಾಗಿ, ಜೋಮು ಹಿಡಿದಂತೆ ಆದರೆ ‘ದೆಚಿ’ ಬಂತು ಎನ್ನುತ್ತಾರೆ. ಆಮೇಲೆ ಅರ್ಧ ಗಂಟೆ ಮಲಗಿಸುವುದು. ಬೆನ್ನಿನ ಫೇಯ್‌ಶು ಬಿಂದುವಿನಲ್ಲಿ ಮಾತ್ರ ಸೂಜಿಯನ್ನು ಓರೆಯಾಗಿ, ಆಳಕ್ಕಿಳಿಸದೆ ಹಾಕಬೇಕು. ನೇರವಾಗಿ ಆಳಕ್ಕಿಳಿದರೆ ಶ್ವಾಸಕೋಶಕ್ಕೇ ತೂತು ಬಿದ್ದೀತು. ಗರ್ಭಿಣಿಯರಿಗೆ ಹೆಗು ಚುಚ್ಚುವಂತಿಲ್ಲ.

ವಾರಕ್ಕೆರಡರಂತೆ ಹತ್ತು ಸಲ ಮಾಡಿಸಿಕೊಂಡ ಮೇಲೆ ನನ್ನ ಮುಖದ ಕೆಂಪು ಇಳಿಯಿತು. ಆದರೆ ಅಷ್ಟರಲ್ಲಿ ಮೇಯ್‌ಯು ಮುಗಿದಿತ್ತು, ಕ್ಯಾಂಟೀನಿನ ಮೆಣಸಿನೆಣ್ಣೆಯನ್ನೂ ಸಂಜೆಯ ಸಿಹಿ ಹಾಲಿನ ಚಹಾವನ್ನೂ ಬಿಟ್ಟಿದ್ದೆ, ಮೋಕ್ಸಾ ನಿಂತಿತ್ತು. ಯಾವುದರಿಂದ ಎಷ್ಟು ಗುಣವಾಯಿತೆಂದು ಹೇಗೆ ಹೇಳಲಿ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ ಮೊಡವೆಯ ಪರ್ಯಾಯ ಚಿಕಿತ್ಸೆಗಳನ್ನು ಅಳೆದ 2015ರ ವಿಮರ್ಶೆ ಅಕ್ಯುಪಂಕ್ಚರ್‌ಗೂ ರಕ್ತ ತೆಗೆಯುವ ಬಟ್ಟಲಿಗೂ ಸಾಕಷ್ಟು ಪುರಾವೆ ಸಿಗಲಿಲ್ಲ ಎಂದಿದೆ. ರೋಗಿ ಕುಳಿತ ಕೂಡಲೇ ನಾನು ಇದನ್ನು ಹೇಳಿಬಿಡುತ್ತೇನೆ. ಗಂಟುಗಟ್ಟಿ, ಗುಳಿ ಬೀಳಿಸುವ ಮೊಡವೆಯಾದರೆ ಚರ್ಮವೈದ್ಯರಲ್ಲಿಗೇ ಕಳಿಸುತ್ತೇನೆ. ಬಿದ್ದ ಗುಳಿಯನ್ನು ನನ್ನ ಸೂಜಿ ತುಂಬಿದ್ದನ್ನು ಒಮ್ಮೆಯೂ ಕಂಡಿಲ್ಲ.

ಹಾಗಾದರೆ ಮೋಕ್ಸಾ ಮೊಡವೆಗೆ ಬೇಡವೇ? ನಾನೂ ಹಾಗೆಂದೇ ತೀರ್ಮಾನಿಸಿದ್ದೆ, ಕಚೇರಿ ಕೆಲಸದ ಒಬ್ಬ ಮಹಿಳೆ ಬರುವ ತನಕ. ಅವರಿಗೆ ತಿಂಗಳ ಮುಟ್ಟಿಗೆ ಒಂದು ವಾರ ಮುಂಚೆ ದವಡೆಯ ಸಾಲಿನಲ್ಲಿ ಮೊಡವೆ ಏಳುತ್ತಿತ್ತು. ತಂಪು ಮಾಡುವ ಕಷಾಯಗಳನ್ನು ತಿಂಗಳುಗಟ್ಟಲೆ ಕುಡಿದಿದ್ದರು. ಕೈಕಾಲು ಮಂಜುಗಡ್ಡೆ, ಕಿಬ್ಬೊಟ್ಟೆ ನೋವು, ನಾಲಿಗೆ ಬಿಳಿಚಿ ಅಂಚಿನಲ್ಲಿ ಹಲ್ಲಿನ ಗುರುತು. ಲಾವೋಶಿ ನನ್ನತ್ತ ನೋಡಿ, ಈಗ ನಿನ್ನ ಬೆಂಕಿ ತೆಗೆದುಕೊಂಡು ಬಾ ಎಂದರು. ಮೇಲೆ ಉರಿ, ಕೆಳಗೆ ಚಳಿ ಎಂಬ ಲೆಕ್ಕ ಅದು. ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗಿನ ಗುವಾನ್‌ಯುವಾನ್‌ಗೆ ಹದಿನೈದು ನಿಮಿಷ, ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಬತ್ತಿ ಹಿಡಿದೆ. ಇನ್ನೊಂದು ಕೈಯ ಎರಡು ಬೆರಳು ಸದಾ ಅವರ ಚರ್ಮದ ಮೇಲೆ: ಬಿಸಿ ಮೊದಲು ನನಗೆ ತಾಗಬೇಕು. ಮೂರನೆಯ ಮುಟ್ಟಿನ ಹೊತ್ತಿಗೆ ನೋವು ತಗ್ಗಿತ್ತು, ಮೊಡವೆ ಮೂರೋ ನಾಲ್ಕೋ ಅಷ್ಟೆ. ಮುಟ್ಟಿನ ದಿನಗಳೇ ಏರುಪೇರಾಗಿದ್ದರೆ ಮಾತ್ರ ಮೊದಲು ಸ್ತ್ರೀರೋಗ ತಜ್ಞರಲ್ಲಿ ತೋರಿಸಿ ಬನ್ನಿ ಎನ್ನುತ್ತೇನೆ.

ಬೆಂಕಿಸೂಜಿಯನ್ನು ಮಾತ್ರ ನಾನು ಹೆದರಿಯೇ ಹಿಡಿಯುತ್ತೇನೆ. ಸೂಜಿಯ ಮೊನೆಯನ್ನು ಸ್ಪಿರಿಟ್ ದೀಪದಲ್ಲಿ ಕೆಂಡದಂತೆ ಕಾಯಿಸಿ, ಮೊಡವೆಯ ನೆತ್ತಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಚುಚ್ಚಿ ತೆಗೆಯುವುದು. ಒಳಗಿನ ಕೀವನ್ನು ಹತ್ತಿಯಿಂದ ಒತ್ತಿ ತೆಗೆದು, ಒಂದು ದಿನ ನೀರು ಸೋಕಿಸದಿರುವುದು. ನಾನ್‌ಜಿಂಗ್‌ನ ರೋಗಿಗಳಲ್ಲಿ ಅದು ಚೆನ್ನಾಗಿ ಒಣಗುವುದನ್ನು ಕಂಡಿದ್ದೇನೆ. ಆದರೆ ನಮ್ಮಂಥ ಕಂದು ಚರ್ಮದಲ್ಲಿ ಸಣ್ಣ ಸುಟ್ಟ ಗುರುತೂ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಭಾರತದ ಸಹಪಾಠಿಯೊಬ್ಬಳು ಎಷ್ಟು ಬೇಡಿಕೊಂಡರೂ ಮಾಡಲಿಲ್ಲ. ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದಳು.

ಬಟ್ಟಲಿನ ಗುರುತಿನ ಕಥೆ ಬೇರೆ. ಕತ್ತಿನ ಮೇಲೆ ದುಂಡಗೆ ನೇರಳೆ ಬಣ್ಣದಲ್ಲಿ ಒಂದು ವಾರವಾದರೂ ನಿಲ್ಲುತ್ತದೆ. ಚೀನಾದಲ್ಲಿ ಮದುವೆಗೆ ತಿಂಗಳುಗಳ ಮೊದಲೇ ಬಾಡಿಗೆ ಉಡುಪು ತೊಟ್ಟು ಫೋಟೊ ತೆಗೆಸುವ ಪದ್ಧತಿ. ಒಮ್ಮೆ ಹುಡುಗಿಯೊಬ್ಬಳು ನಾಲ್ಕು ದಿನದಲ್ಲಿ ಫೋಟೊ ಇದೆ, ಬೇಗ ಮುಖ ತಿಳಿಯಾಗಬೇಕೆಂದು ಬಂದಳು. ಉಡುಪು ಯಾವುದೆಂದು ಕೇಳಿದೆ. ಬೆನ್ನು ಪೂರ್ತಿ ತೆರೆದಿರುವುದಂತೆ. ಬಟ್ಟಲನ್ನು ಕಪಾಟಿನಲ್ಲಿಟ್ಟು, ಕಿವಿಯ ತುದಿಯಿಂದ ನಾಲ್ಕು ಹನಿ ರಕ್ತ ತೆಗೆದು, ಫೋಟೊ ಮುಗಿಸಿಕೊಂಡು ಬಾ ಎಂದು ಕಳಿಸಿದೆ.