ಪೆನ್ಸಿಲ್ ಚುಕ್ಕೆ ಇಟ್ಟ ಜಾಗ

ನಮ್ಮ ಶಾಲೆಯ ಟೈಮ್ ಟೇಬಲ್‌ನಲ್ಲಿ ಶನಿವಾರದ ಕೊನೆಯ ಪಿರಿಯಡ್ 'ಗ್ರಂಥಾಲಯ' ಅಂತಿತ್ತು. ನಾನು ತುಮಕೂರು ಕಡೆಯವಳು. ಬೀದರ್ ಜಿಲ್ಲೆಯ ಈ ಸರ್ಕಾರಿ ಹೈಸ್ಕೂಲಿಗೆ ಕನ್ನಡ ಟೀಚರ್ ಆಗಿ ಬಂದಾಗ ಆ ಪಿರಿಯಡ್‌ನಲ್ಲಿ ಮಕ್ಕಳು ಗಣಿತದ ಲೆಕ್ಕ ಬಿಡಿಸುತ್ತಿದ್ದರು, ಇಲ್ಲವೇ ಅಂಗಳ ಗುಡಿಸುತ್ತಿದ್ದರು. ಪುಸ್ತಕಗಳೇನೋ ಇದ್ದವು. ಸ್ಟಾಫ್ ರೂಮಿನ ಕಬ್ಬಿಣದ ಅಲ್ಮೇರಾದಲ್ಲಿ, ಬೀಗದೊಳಗೆ. ಕಳೆದುಹೋದರೆ ಯಾರು ಲೆಕ್ಕ ಕೊಡೋದು ಅನ್ನುವ ಭಯ ಎಲ್ಲರಿಗೂ. ಲೆಕ್ಕ ನಾನು ಕೊಡುತ್ತೇನೆ ಅಂತ ಬರೆದುಕೊಟ್ಟೆ. ಬೀಗದ ಕೈ ಸಿಕ್ಕಿತು.

ಎಂಟನೇ ಕ್ಲಾಸಿನ 34 ಮಕ್ಕಳಿಗೂ ಒಂದೊಂದು ಪುಸ್ತಕ ಕೊಟ್ಟು, ಓದಿ ಸಾರಾಂಶ ಬರೆಯಿರಿ ಅಂದೆ. ನೋಟ್‌ಬುಕ್‌ಗಳು ಬಂದವು. ಹೆಚ್ಚೂಕಡಿಮೆ ಎಲ್ಲದರ ಕೊನೆಯಲ್ಲೂ ಒಂದೇ ಸಾಲು: 'ಇದರಿಂದ ನಾವು ಕಲಿಯಬೇಕಾದ ನೀತಿ ಏನೆಂದರೆ.' ಹಕ್ಕಿಗಳ ಬಗ್ಗೆ ಓದಿದವನೂ ಹಾಗೇ ಬರೆದಿದ್ದ, ಬಾವಿ ತೋಡುವವರ ಬಗ್ಗೆ ಓದಿದವನೂ ಹಾಗೇ ಬರೆದಿದ್ದ. ಅವರ ತಪ್ಪೇನೂ ಇರಲಿಲ್ಲ. ಪರೀಕ್ಷೆಗೆ ಹೇಗೆ ಬರೆಯಬೇಕು ಅಂತ ನಾವು ಕಲಿಸಿದ್ದೆವೋ, ಹಾಗೆ ಬರೆದಿದ್ದರು.

ಆ ರಾತ್ರಿ ಯೋಚನೆ ಮಾಡಿದೆ. ನಾನು ಓದುವಾಗ ಏನು ಮಾಡುತ್ತೇನೆ? ಸಾರಾಂಶ ಬರೆಯುವುದಿಲ್ಲ. ಎಲ್ಲೋ ಒಂದು ಕಡೆ ನಿಲ್ಲುತ್ತೇನೆ. ಒಂದು ಮಾತು ಚುಚ್ಚಿರುತ್ತದೆ, ಅಥವಾ ಅರ್ಥ ಆಗಿರುವುದಿಲ್ಲ, ಅಥವಾ ಯಾರದೋ ನೆನಪು ಬಂದಿರುತ್ತದೆ. ಅಷ್ಟೇ ಅಲ್ವಾ ಓದು ಅಂದರೆ?

ಮುಂದಿನ ಶನಿವಾರ ಒಂದೇ ಪ್ರಶ್ನೆ ಬೋರ್ಡ್ ಮೇಲೆ ಬರೆದೆ. 'ಓದುವಾಗ ಎಲ್ಲಿ ನಿಂತೆ?' ನಿಂತ ಜಾಗದಲ್ಲಿ ಪೆನ್ಸಿಲ್‌ನಿಂದ ಸಣ್ಣ ಚುಕ್ಕೆ ಇಡಬೇಕು. ಯಾಕೆ ನಿಂತೆ ಅಂತ ನೋಟ್‌ಬುಕ್‌ನಲ್ಲಿ ಬರೆಯಬೇಕು. ಎರಡು ಸಾಲಾದರೂ ಸರಿ. ಮಾರ್ಕ್ಸ್ ಇಲ್ಲ, ಕೆಂಪು ಪೆನ್ ಇಲ್ಲ, ಕಾಗುಣಿತ ತಿದ್ದುವುದಿಲ್ಲ. ಈ ಕೊನೆಯದು ನನಗೆ ಸುಲಭ ಆಗಲಿಲ್ಲ. ಇಲ್ಲಿನ ಮಕ್ಕಳ ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ, ತೆಲುಗು ಮಾತು. ಶಾಲೆಯ ಕನ್ನಡ ಎಷ್ಟೋ ಜನಕ್ಕೆ ಎರಡನೇ, ಮೂರನೇ ಭಾಷೆ. ಆದರೂ ಲಕಾರ ಳಕಾರದ ತಪ್ಪು ಕಂಡರೆ ಕೈ ತುರಿಸುತ್ತದೆ. ತಡೆದುಕೊಂಡೆ. ಆ ತಪ್ಪು ತಿದ್ದಲು ವಾರಕ್ಕೆ ಬೇರೆ ಪಿರಿಯಡ್‌ಗಳಿವೆ.

40 ನಿಮಿಷದಲ್ಲಿ 20 ನಿಮಿಷ ಓದು, 10 ನಿಮಿಷ ಬರವಣಿಗೆ, ಉಳಿದದ್ದು ಮಾತು. ನಾನೂ ಅವರ ಜೊತೆ ಕೂತು ಓದುತ್ತಿದ್ದೆ, ನಾನೂ ಬರೆಯುತ್ತಿದ್ದೆ. ಇದನ್ನು ಮಾತ್ರ ಬಿಡಬೇಡಿ ಅಂತ ಬೇರೆ ಟೀಚರ್‌ಗಳಿಗೆ ಹೇಳುತ್ತೇನೆ. ನಾವು ಹಾಜರಿ ಪುಸ್ತಕ ತುಂಬಿಸುತ್ತಾ ಕೂತರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಮೊದಲ ಮೂರು ವಾರ ಏನೂ ಆಗಲಿಲ್ಲ. 'ಇಲ್ಲಿ ನಿಂತೆ, ಚೆನ್ನಾಗಿದೆ' ಅಂತ ಬರೆಯುತ್ತಿದ್ದರು. ನಾಲ್ಕನೇ ವಾರ, ಬಾವಿ ತೋಡುವವರ ಪುಸ್ತಕ ಹಿಡಿದಿದ್ದ ಹುಡುಗ ನೀರು ಬಿದ್ದ ಸಾಲಿನ ಪಕ್ಕ ಚುಕ್ಕೆ ಇಟ್ಟಿದ್ದ. ನೋಟ್‌ಬುಕ್‌ನಲ್ಲಿ ಹೀಗಿತ್ತು: 'ನಮ್ಮ ಬೋರಿನಾಗ 300 ಫೂಟಿಗೆ ಬರೇ ಧೂಳು ಬಂತು. ಅಪ್ಪ ಮಶೀನ್ ನೋಡ್ಕೋತ ನಿಂತಿದ್ದ. ನಾ ಅಪ್ಪನ್ನ ನೋಡ್ಕೋತ ನಿಂತಿದ್ದೆ.' ನಾನು ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆದೆ, 'ಆಮೇಲೆ ಅಪ್ಪ ಏನಂದರು?' ಮುಂದಿನ ಶನಿವಾರ ಅದಕ್ಕೆ ಒಂದೂವರೆ ಪುಟ ಉತ್ತರ ಬಂತು.

ಅಲ್ಲಿಂದ ಅಲ್ಮೇರಾ ಸಾಲದಾಯಿತು. ಪಂಚಾಯತಿ ಲೈಬ್ರರಿಗೆ ಕರೆದುಕೊಂಡು ಹೋದೆ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯದ ಸದಸ್ಯತ್ವ ಉಚಿತ. ನಮ್ಮ ಮಕ್ಕಳ ಹತ್ತಿರ ಕಾರ್ಡೇ ಇರಲಿಲ್ಲ. ಮಾಡಿಸಿಕೊಟ್ಟೆವು.

ಫೋನಿನ ವಿಷಯ ಬಂದದ್ದು ಇದೆಲ್ಲ ಶುರುವಾಗಿ ಅರ್ಧ ವರ್ಷದ ಮೇಲೆ. ಅದಕ್ಕೆ ಮುಂಚೆಯೂ ನಾನು ಪ್ರಾರ್ಥನೆ ಸಮಯದಲ್ಲಿ 'ಫೋನ್ ಜಾಸ್ತಿ ನೋಡಬೇಡಿ' ಅಂತ ಭಾಷಣ ಮಾಡಿದ್ದುಂಟು. ಒಂದು ಮಗುವೂ ಅದರಿಂದ ಬದಲಾಗಿದ್ದು ನಾನು ನೋಡಿಲ್ಲ.

ಒಂದು ಸೋಮವಾರ ಕ್ಲಾಸಿನಲ್ಲಿ ಒಂಬತ್ತು ಜನ ಇರಲಿಲ್ಲ. ಮಕ್ಕಳ ಕಳ್ಳರ ಗ್ಯಾಂಗ್ ಬಂದಿದೆ ಅಂತ ಮನೆಯವರ ಫೋನಿಗೆ ಮೆಸೇಜ್ ಬಂದಿತ್ತಂತೆ. 'ಖರೆ ಅದ ರೀ ಟೀಚರ್, ಎಲ್ಲಾರಿಗೂ ಬಂದದ' ಅಂದಳು ಮುಂದಿನ ಬೆಂಚಿನವಳು. ನನಗೆ ಎದೆ ಧಸಕ್ ಅಂತು. ಯಾಕೆಂದರೆ ಇದು ಬೀದರ್ ಜಿಲ್ಲೆ. 2018ರ ಜುಲೈನಲ್ಲಿ ಇಲ್ಲೇ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಏನಾಯಿತು ಅಂತ ಗೊತ್ತಲ್ಲ. ದಾರಿಯಲ್ಲಿ ನಿಂತ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಅನ್ನುವ ಮಾತು ವಾಟ್ಸಾಪ್‌ನಲ್ಲಿ ಹಬ್ಬಿತು. ಜನ ಮುತ್ತಿ ಹೊಡೆದರು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇ ಹೋದರು.

ಪಾಠ ಬದಿಗಿಟ್ಟೆ. ಆ ಮೆಸೇಜನ್ನು ಅಕ್ಷರ ಬಿಡದೆ ಬೋರ್ಡ್ ಮೇಲೆ ಬರೆದೆ. 'ಶನಿವಾರದ ಹಾಗೇ ಓದಿ. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಬಂದು ಸೀಮೆಸುಣ್ಣದ ಚುಕ್ಕೆ ಇಡಿ' ಅಂದೆ.

ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಬೋರ್‌ವೆಲ್ ಬಗ್ಗೆ ಬರೆದಿದ್ದ ಅದೇ ಹುಡುಗ ಎದ್ದ. 'ನಿನ್ನೆ' ಅನ್ನುವ ಪದದ ಮೇಲೆ ಚುಕ್ಕೆ ಇಟ್ಟ.

'ನಿನ್ನೆ ಅಂತ ಅದ ರೀ ಟೀಚರ್. ಯಾವ ನಿನ್ನೆ? ತಾರೀಖೇ ಇಲ್ಲ.'

ಇನ್ನೊಬ್ಬಳು ಬಂದು 'ಪಕ್ಕದ ಊರಿನಲ್ಲಿ' ಅನ್ನುವುದರ ಮೇಲೆ ಇಟ್ಟಳು. ಈ ಮೆಸೇಜ್ ಎಲ್ಲಿ ಓದಿದರೂ ಪಕ್ಕದಲ್ಲಿ ಒಂದು ಊರು ಇದ್ದೇ ಇರುತ್ತದಲ್ಲ ಅಂದಳು. 'ಪೊಲೀಸರೇ ಹೇಳಿದ್ದಾರೆ' ಅನ್ನುವಲ್ಲಿ ಮೂರು ಚುಕ್ಕೆ ಬಿತ್ತು. ಯಾವ ಠಾಣೆ? ಯಾವ ಪೊಲೀಸರು? ಹೆಡ್ ಮಾಸ್ಟರ್ ತಮ್ಮ ಫೋನಿನಿಂದಲೇ ಠಾಣೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಿದರು. ಅಂಥದ್ದೇನೂ ಇಲ್ಲ ಅಂದರು. ಮಾರನೇ ದಿನ ಒಂಬತ್ತರಲ್ಲಿ ಏಳು ಮಕ್ಕಳು ಬಂದರು. ಉಳಿದಿಬ್ಬರ ಮನೆಗೆ ಕ್ಲಾಸಿನವರೇ ಹೋಗಿ ಹೇಳಿದರು.

ಆ ವಾರ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿದೆ. 2018ರಲ್ಲಿ ದೇಶದ ತುಂಬ ಓಡಾಡಿದ ಒಂದು ವಿಡಿಯೊ ಇತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಕಿರುಚಿತ್ರ. ಪೂರ್ತಿ ವಿಡಿಯೊದಲ್ಲಿ ಅದೇ ಬೈಕು ವಾಪಸ್ ಬಂದು ಮಗುವನ್ನು ಇಳಿಸುತ್ತದೆ, ಎಚ್ಚರಿಕೆಯ ಬರಹ ತೋರಿಸುತ್ತದೆ. ಯಾರೋ ಆ ಕೊನೆಯನ್ನು ಕತ್ತರಿಸಿ ಕಳಿಸಿದ್ದರು.

ಕ್ಲಾಸು ತುಂಬಾ ಹೊತ್ತು ಸುಮ್ನಿತ್ತು. 'ಕೊನೇ ಪುಟ ಹರಿದ ಪುಸ್ತಕ ಇದ್ದಂಗ' ಅಂದ ಒಬ್ಬ. ನಾನು ಹುಡುಕುತ್ತಿದ್ದ ಮಾತು ಅವನ ಬಾಯಲ್ಲಿತ್ತು.

ವಾಟ್ಸಾಪ್ ಮೆಸೇಜಿನ ಮೇಲೆ ಕಾಣುವ ಎರಡು ಬಾಣದ ಗುರುತಿನ ಬಗ್ಗೆಯೂ ಅವತ್ತೇ ಹೇಳಿದೆ. ಮೊದಲು ಕಳಿಸಿದವರಿಂದ ಕನಿಷ್ಠ ಐದು ಕೈ ದಾಟಿ ಬಂದ ಮೆಸೇಜಿಗೆ ಆ ಗುರುತು ಬೀಳುತ್ತದೆ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ 2020ರಲ್ಲಿ ವಾಟ್ಸಾಪ್ ಮಿತಿ ಹಾಕಿದೆ. ಈಗ ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಈ ಗುರುತು ತೋರಿಸಿಕೊಡುವುದು ನಮ್ಮ ಮಕ್ಕಳೇ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ 1930, ಮಕ್ಕಳಿಗೆ ಯಾರಾದರೂ ತೊಂದರೆ ಕೊಟ್ಟರೆ 1098, ಈ ಎರಡು ನಂಬರ್ ಬಾಗಿಲ ಪಕ್ಕ ಬಣ್ಣದಲ್ಲಿ ಬರೆದಿದ್ದೇವೆ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಅನುಭವ ಅನ್ನಿಸಿಕೊಳ್ಳುತ್ತಿತ್ತು. ಆದರೆ ಡಿಜಿಟಲ್ ಜವಾಬ್ದಾರಿಯ ವಿಷಯದಲ್ಲಿ ನಮ್ಮ ಕ್ಲಾಸಿನಲ್ಲಿ ನಡೆದ ದೊಡ್ಡ ತಪ್ಪು ನನ್ನದೇ. ಅದನ್ನು ಬರೆಯಲೇಬೇಕು.

ಒಬ್ಬಳು ಹುಡುಗಿ. ಹೆಸರು ಹಾಕುವುದಿಲ್ಲ. ಅವಳನ್ನು ಕೇಳಿಯೇ ಇಷ್ಟು ಬರೆಯುತ್ತಿದ್ದೇನೆ. ಅವಳು ಒಂದು ಕಥೆಯಲ್ಲಿ ತಾಯಿ ದುಡ್ಡು ಎಣಿಸುವ ಸಾಲಿನಲ್ಲಿ ನಿಂತಿದ್ದಳು. ಅವರವ್ವ ಬೆಂಡೋಲೆ ಅಡವಿಟ್ಟ ದಿನದ ಬಗ್ಗೆ ಬರೆದಿದ್ದಳು. ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡು, ಯಾರೂ ನೋಡದಿರಲಿ ಅಂತ ಸೆರಗು ಮುಂದಕ್ಕೆ ಎಳೆದುಕೊಂಡಿದ್ದನ್ನು ಬರೆದಿದ್ದಳು. ಅಷ್ಟು ಚಂದದ ಬರವಣಿಗೆ ನಾನು ಮಕ್ಕಳಿಂದ ನೋಡಿರಲಿಲ್ಲ. ಖುಷಿಯಲ್ಲಿ ಫೋಟೊ ತೆಗೆದು ಟೀಚರ್‌ಗಳ ಒಂದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಪುಟದ ಮೇಲೆ ಅವಳ ಹೆಸರು, ತರಗತಿ ಎಲ್ಲ ಇತ್ತು. ನಾನು ನೋಡಲೇ ಇಲ್ಲ. ನೋಡಿದ್ದರೂ ಆವತ್ತು ಹಾಕುತ್ತಿದ್ದೆ ಅನಿಸುತ್ತದೆ. ಮೆಚ್ಚುಗೆಗಳು ಬಂದವು. ಯಾರೋ ಇನ್ನೊಂದು ಗ್ರೂಪಿಗೆ ಕಳಿಸಿದರು. ನಾಲ್ಕು ದಿನಕ್ಕೆ ಅದು ಅವಳ ಅತ್ತೆಯ ಫೋನಿಗೆ ಬಂತು. ಯಾರೂ ನೋಡದಿರಲಿ ಅಂತ ಆ ತಾಯಿ ಸೆರಗು ಎಳೆದುಕೊಂಡಿದ್ದನ್ನು ನೆಂಟರೆಲ್ಲ ಓದಿದರು.

ಹುಡುಗಿ ಏನೂ ಅನ್ನಲಿಲ್ಲ. ಆ ಶನಿವಾರ ಅವಳ ಪುಟ ಖಾಲಿ. ಅದರ ಮುಂದಿನ ವಾರವೂ ಖಾಲಿ. ವಿಷಯ ನನಗೆ ಗೊತ್ತಾಗಿದ್ದು ಅವಳ ಗೆಳತಿಯಿಂದ.

ಗ್ರೂಪಿನಿಂದ ಫೋಟೊ ಅಳಿಸಲು ಹೋದೆ. ಅಳಿಸುವ ಅವಧಿ ಮುಗಿದಿತ್ತು. ಕಳಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಅಳಿಸಿ ಅಂತ ಕೇಳಿಕೊಂಡೆ. ಎಷ್ಟು ಜನ ಅಳಿಸಿದರು ಅಂತ ಹೇಗೆ ಹೇಳಲಿ? ಕ್ಲಾಸಿನ ಮುಂದೆ ಕ್ಷಮೆ ಕೇಳಿದರೆ ಅದೂ ಅವಳನ್ನೇ ಎತ್ತಿ ತೋರಿಸಿದಂತೆ. ಸಂಜೆ ಮನೆಗೆ ಹೋದೆ. ತಾಯಿಯ ಹತ್ತಿರ ಕೈಮುಗಿದು ತಪ್ಪಾಯಿತು ಅಂದೆ. ಅವರು 'ಇರ್ಲಿ ಬಿಡ್ರಿ ಅಕ್ಕೋರೆ' ಅಂತ ಚಹಾ ಕೊಟ್ಟರು, ನನ್ನ ಮುಖ ನೋಡಲಿಲ್ಲ. ಹುಡುಗಿ ಬಾಗಿಲ ತನಕ ಬಂದಳು.

'ಕೇಳಿದ್ರ ಹೂಂ ಅಂತಿದ್ನಿ ರೀ ಟೀಚರ್. ಹೆಸರು ತೆಗೀರಿ ಅಂತಿದ್ನಿ, ಅಷ್ಟೇ.'

ಈಗ ನಮ್ಮ ಕ್ಲಾಸಿನಲ್ಲಿ ಮೂರು ಕಟ್ಟುಪಾಡು ಇವೆ. ಮಕ್ಕಳೇ ಮಾಡಿದ್ದು, ನನಗೂ ಸೇರಿಸಿ. ಯಾರ ಬರಹ, ಯಾರ ಮುಖ ಇದ್ದರೂ ಕೇಳದೆ ಫೋಟೊ ತೆಗೆಯುವಂತಿಲ್ಲ. ಹೂಂ ಅಂದವರು ಆಮೇಲೆ ಬೇಡ ಅಂದರೆ ಬೇಡ. ಮಡಚಿದ ಪುಟವನ್ನು ಯಾರೂ ಬಿಡಿಸಿ ಓದುವಂತಿಲ್ಲ, ಟೀಚರ್ ಕೂಡ. ನಿದ್ದೆ ಮಾಡುವ ಗೆಳೆಯನ ಮುಖದ ಸ್ಟಿಕರ್ ಮಾಡುತ್ತಿದ್ದ ಹುಡುಗರ ಗುಂಪು ಮೊದಲ ಕಟ್ಟುಪಾಡಿಗೆ ತುಂಬಾ ಜಗಳ ಆಡಿತು. ಕೊನೆಗೆ ಆ ಗೆಳೆಯನೇ ಎದ್ದು 'ನನಗ ಬ್ಯಾಡ' ಅಂದ. ಅಷ್ಟು ದಿನ ಅವನು ಅದನ್ನು ಹೇಳಿರಲೇ ಇಲ್ಲ. ಸ್ಟಿಕರ್ ನಿಂತವು.

ಆ ಹುಡುಗಿ ಐದನೇ ವಾರ ಮತ್ತೆ ಬರೆದಳು. ಬರೆದು ಪುಟ ಮಡಚಿ ಕೊಟ್ಟಳು. ನಾನು ಮಡಿಕೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ ವಾಪಸ್ ಕೊಟ್ಟೆ. ಜನವರಿಯ ಹೊತ್ತಿಗೆ ತೆರೆದ ಪುಟಗಳು ಬರತೊಡಗಿದವು. ಈಗ ಅವಳು ಹತ್ತನೇ ಕ್ಲಾಸು. ನೋಟ್‌ಬುಕ್ ನನ್ನ ಹತ್ತಿರವೇ ಇರಲಿ ಅಂತ ಕೊಟ್ಟಿದ್ದಾಳೆ. ಅದರಲ್ಲಿ ಮೂರು ಪುಟ ಇನ್ನೂ ಮಡಚಿಯೇ ಇವೆ.