ಮನೆಗಿಂತ ಮೊದಲು ಬೀದಿಯನ್ನು ನೋಡಿ

ಮದುವೆಯಾದ ಹೊಸತರಲ್ಲಿ ನಾವು ಮೊದಲ ಬಾಡಿಗೆ ಮನೆಯನ್ನು ಒಂದು ಭಾನುವಾರ ಬೆಳಿಗ್ಗೆ ನೋಡಿ, ಅಂದೇ ಒಪ್ಪಿಕೊಂಡುಬಿಟ್ಟೆವು. ದೊಡ್ಡ ಕಿಟಕಿ, ಧಾರಾಳ ಬೆಳಕು, ಹೊರಗೆ ಹಕ್ಕಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಬೀದಿ ಲಾರಿಗಳ ಒಳದಾರಿ ಎಂಬುದು ಸಾಮಾನು ಸಾಗಿಸಿದ ಮೇಲೆ, ರಾತ್ರಿ ಹನ್ನೊಂದರ ನಂತರ ಗೊತ್ತಾಯಿತು. ಹನ್ನೊಂದು ತಿಂಗಳು ಆ ಕಿಟಕಿಯನ್ನು ಮುಚ್ಚಿಕೊಂಡೇ ಮಲಗಿದೆವು. ನಿದ್ದೆಗೆಟ್ಟು ಚಿಕ್ಕಪುಟ್ಟದ್ದಕ್ಕೆಲ್ಲ ಜಗಳವಾಡಿದೆವು.

ಎರಡನೆಯ ಬಾರಿ, ಮನೆಯೊಳಗೆ ಕಾಲಿಡುವ ಮೊದಲೇ ಬಡಾವಣೆಗೆ ಮೂರು ಸಲ ಹೋದೆವು: ವಾರದ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ, ರಾತ್ರಿ ಹತ್ತೂವರೆಗೆ, ಮತ್ತು ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ. ಮಳೆಯ ದಿನದ ಭೇಟಿಯನ್ನು ದಯವಿಟ್ಟು ತಪ್ಪಿಸಬೇಡಿ. ಮಳೆಗಾಲವಲ್ಲದಿದ್ದರೆ ಗೋಡೆಗಳ ಬುಡವನ್ನು ನೋಡಿ. ಮನೆಯಿಂದ ಮನೆಗೆ ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಹರಿದಿದ್ದರೆ ನೀರು ಅಲ್ಲಿಯವರೆಗೆ ನಿಂತಿರುತ್ತದೆ. ಬುಡಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಎಂದು ಕೇಳಿ.

ಶಬ್ದವನ್ನು ಮೊಬೈಲ್ ಆ್ಯಪ್‌ನಲ್ಲೇ ಅಳೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರಾತ್ರಿ ಹೊರಗಿನ ಸರಾಸರಿ ಶಬ್ದ 40 ಡೆಸಿಬೆಲ್ ದಾಟಬಾರದು ಎಂದಿದೆ. ಮೊಬೈಲ್ ತೋರಿಸುವ ಅಂಕಿ ಅಷ್ಟು ನಿಖರವಲ್ಲ, ಆದರೆ ಎರಡು ಬೀದಿಗಳನ್ನು ಹೋಲಿಸಲು ಸಾಕು. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಪ್ರಯಾಣದ ಲೆಕ್ಕವನ್ನು ಇಬ್ಬರದೂ ಕೂಡಿಸಿ ಹಾಕಿ. ಒಬ್ಬರಿಗೆ ಹೋಗಲು ಹತ್ತು, ಬರಲು ಹತ್ತು ನಿಮಿಷ ಹೆಚ್ಚಾದರೆ ವರ್ಷದ 250 ಕೆಲಸದ ದಿನಗಳಿಗೆ 83 ಗಂಟೆ ಹೋಯಿತು, ಅಂದರೆ ಹಗಲುರಾತ್ರಿ ಸೇರಿ ಸುಮಾರು ಮೂರೂವರೆ ದಿನ. ನಕ್ಷೆ ತೋರಿಸುವ ಸಮಯವನ್ನು ನಂಬಿ ಕೂರದೆ ಅದೇ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ದಿನಸಿ ಮತ್ತು ಔಷಧಿ ಅಂಗಡಿ ಐದು ನಿಮಿಷದ ನಡಿಗೆಯೊಳಗೆ, ಸುಮಾರು 400 ಮೀಟರಿನಲ್ಲಿ, ಇದ್ದರೆ ಒಳ್ಳೆಯದು.

ಯಾರನ್ನು ಕೇಳಬೇಕು? ಮನೆ ಕೊಡುವವರನ್ನಲ್ಲ, ಅದೇ ಬೀದಿಯ ಬಾಡಿಗೆದಾರರನ್ನು. "ಇಲ್ಲಿ ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಾರೆ. "ಇಲ್ಲಿಂದ ಬಿಟ್ಟು ಹೋದವರು ಯಾಕೆ ಹೋದರು?" ಎಂದು ಕೇಳಿ ನೋಡಿ, ಮಾತು ತಾನಾಗಿ ಬರುತ್ತದೆ.

ನಾನು ಬಹಳ ಮುಖ್ಯ ಎಂದುಕೊಂಡಿರುವುದು ಇನ್ನೊಂದಿದೆ: ರಾತ್ರಿಯ ಭೇಟಿಗೆ ಇಬ್ಬರೂ ಬೇರೆ ಬೇರೆಯಾಗಿ ಹೋಗಬೇಕು. ನನ್ನ ಕೆಲಸ ಮುಗಿಯುವುದೇ ತಡವಾಗಿ. ನಮಗೆ ತುಂಬ ಹಿಡಿಸಿದ್ದ ಒಂದು ಬಡಾವಣೆಯಲ್ಲಿ ಬಸ್ ನಿಲ್ದಾಣದಿಂದ ಆ ಮನೆಯ ಬಾಗಿಲವರೆಗೆ ಮೊದಲು ನನ್ನ ಗಂಡ ನಡೆದು ನೋಡಿ, ದಾರಿ ಚೆನ್ನಾಗಿದೆ ಎಂದರು. ಮರುದಿನ ನಾನು ಒಬ್ಬಳೇ ನಡೆದೆ. ಏಳು ದೀಪದ ಕಂಬಗಳಲ್ಲಿ ಮೂರು ಉರಿಯುತ್ತಿರಲಿಲ್ಲ. ನಡುವೆ ನೂರೈವತ್ತು ಹೆಜ್ಜೆಯಷ್ಟು ಉದ್ದಕ್ಕೆ ಬರೀ ಕಾಂಪೌಂಡ್ ಗೋಡೆ. ಒಂದು ಬಾಗಿಲಿಲ್ಲ, ಬೀದಿಗೆ ತೆರೆದ ಒಂದು ಕಿಟಕಿಯಿಲ್ಲ. ಕೂಗಿದರೂ ಯಾರಿಗೂ ಕೇಳಿಸುವಂತಿರಲಿಲ್ಲ. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಅದೇ ದಾರಿ ಇಬ್ಬರಿಗೆ ಎರಡು ಬಗೆಯಲ್ಲಿ ಕಂಡಿತ್ತು.

ಹಾಗಾಗಿ ಭೇಟಿಗಳೆಲ್ಲ ಮುಗಿದ ಮೇಲೆ, ಪರಸ್ಪರ ಮಾತನಾಡುವ ಮೊದಲೇ, ತನಗೆ ಸಹಿಸಲಾಗದ್ದನ್ನು ಒಬ್ಬೊಬ್ಬರೂ ಚೀಟಿಯಲ್ಲಿ ಬರೆದುಕೊಳ್ಳಿ. ಒಬ್ಬರ ಚೀಟಿಯಲ್ಲಿ ಮಾತ್ರ ಇರುವುದನ್ನು "ಅಷ್ಟೇನಿಲ್ಲ ಬಿಡು" ಎಂದು ತಳ್ಳಿಹಾಕಬೇಡಿ. ನನ್ನ ಚೀಟಿಯಲ್ಲಿ ಆ ಗೋಡೆಯೊಂದೇ ಇತ್ತು. ನನ್ನ ಗಂಡ ವಾದಕ್ಕಿಳಿಯದೆ, ಮರುದಿನ ಅದೇ ಹೊತ್ತಿಗೆ ಬಂದು ನನ್ನಿಂದ ಇಪ್ಪತ್ತು ಹೆಜ್ಜೆ ಹಿಂದೆ ನಡೆದು, ನನ್ನ ನಡಿಗೆ ಎಲ್ಲಿ ಬಿರುಸಾಗುತ್ತದೆ ಎಂದು ನೋಡಿದರು. ಆ ಮನೆಗೆ ನಾವು ಮುಂಗಡ ಕೊಡಲಿಲ್ಲ.