ಡ್ರಿಪ್ ಪೈಪು ಕಟ್ಟಿ ಕೆಂಚಿಯ ಕಾಲು ಕೂಡಿಸಿದ್ದು

ಕಾಲಿನ ಎಲುಬು ಮುರಿದ ಕೋಳಿ ಮತ್ತೆ ನಡೆಯುವುದಿಲ್ಲ, ಕೊಯ್ಯುವುದೊಂದೇ ದಾರಿ. ನಮ್ಮ ಕುಷ್ಟಗಿ ಕಡೆ ಎಲ್ಲರೂ ಹೇಳುವುದು ಇದನ್ನೇ. ಈಗ ನಮ್ಮ ಕೆಂಚಿ ಎರಡೂ ಕಾಲು ಊರಿ ಓಡುತ್ತದೆ, ತಿಪ್ಪೆ ಕೆದರುತ್ತದೆ, ಮೊಟ್ಟೆಗೂ ಬಂದಿದೆ. ಅನುಮಾನ ಇದ್ದವರು ಬಂದು ನೋಡಲಿ. ಹೆಂಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ.

ಕೆಂಚಿ ಜವಾರಿ ಹೇಂಟೆ. ಬೇಸಿಗೆಯಲ್ಲಿ ನಾಯಿ ಹಿಡಿಯಿತು. ಬೆನ್ನ ಮೇಲೆ ಹಲ್ಲಿನ ತೂತು, ಬಾಲದ ಹತ್ತಿರ ಚರ್ಮ ಹರಿದಿತ್ತು. ಎಡಗಾಲು ಗರಿ ಇಲ್ಲದ ಭಾಗದಲ್ಲಿ, ಸರಿಯಾಗಿ ನಡುವೆ ಮುರಿದು ಜೋತಾಡುತ್ತಿತ್ತು. ನಮ್ಮತ್ತೆ ನೋಡಿದ್ದೇ, "ಅದಕ್ಯಾಕ ಔಷಧಕ್ಕ ರೊಕ್ಕ ಹಾಕ್ತಿಯವ್ವ? ಸಂಜಿಗೆ ಕೊಯ್ದ್ರ ರೊಟ್ಟಿ ಕೂಡ ಆಗತೈತಿ" ಅಂದರು. ಮನೆಯವರೂ ಅದೇ ಮಾತು. ಕೊಯ್ದರೆ ಐದು ನೂರು, ಆರು ನೂರು ರೂಪಾಯಿಯ ಕೋಳಿ. ಆದರೆ ಕೆಂಚಿ ಕಾವು ಕೂರುವುದರಲ್ಲಿ ನಮ್ಮ ಮನೆಯ ಬೇರೆ ಯಾವ ಹೇಂಟೆಗೂ ಸಿಗುವುದಿಲ್ಲ. 21 ದಿನ ಕೂತರೆ ಹನ್ನೆರಡು ಮೊಟ್ಟೆಗೆ ಹತ್ತು ಮರಿ ಎಬ್ಬಿಸುತ್ತದೆ, ಹದ್ದಿಗೂ ಬಿಡುವುದಿಲ್ಲ. ಎರಡು ಮೂರು ತಿಂಗಳ ಮರಿ ಸಂತೆಯಲ್ಲಿ 150ರಿಂದ 200 ರೂಪಾಯಿಗೆ ಹೋಗುತ್ತದೆ. ನೀವೇ ಲೆಕ್ಕ ಹಾಕಿ. ಲೆಕ್ಕ ಬಿಟ್ಟರೂ, ನಾನು ಅಂಗಳಕ್ಕೆ ಬಂದರೆ ಕಾಲಿಗೆ ಅಡ್ಡ ಬರುವ ಕೋಳಿ ಅದು. ಕೊಯ್ಯಲು ಮನಸ್ಸು ಬರಲಿಲ್ಲ.

ಮೊದಲ ದಿನ ಕಾಲಿನ ತಂಟೆಗೆ ಹೋಗಲಿಲ್ಲ. ಗಾಬರಿಯಾದ ಕೋಳಿ ಗಾಯಕ್ಕಿಂತ ಮೊದಲು ಹೆದರಿಕೆಗೇ ಸಾಯಬಹುದು. ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿ ಇಟ್ಟೆ. ರಕ್ತ ಬರುವ ಕಡೆ ಅರಿಶಿನ ಒತ್ತಿ ಹಿಡಿದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚಕ್ಕೆ ಸ್ವಲ್ಪ ಕಮ್ಮಿ ಉಪ್ಪು, ಅಂದರೆ 9 ಗ್ರಾಂ. ಸೂಜಿ ತೆಗೆದ ಸಿರಿಂಜಿನಲ್ಲಿ ಆ ನೀರನ್ನೇ ಚಿಮ್ಮಿಸಿ ತೊಳೆದೆ. ಸುತ್ತಲಿನ ಗರಿ ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ. ಆಮೇಲೆ ಬೆಟಾಡಿನ್, ಅದೂ ನೀರು ಬೆರೆಸಿ ಚಹಾದ ಬಣ್ಣಕ್ಕೆ ತಂದು. ದನದ ಹುಳದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಹಾಕು ಅಂತ ಪಕ್ಕದ ಮನೆಯ ಮಾವ ಬಾಟಲಿಯನ್ನೇ ತಂದು ಕೊಟ್ಟರು. ಕೋಳಿ ಚರ್ಮ ಬಲು ತೆಳು, ಸುಟ್ಟು ಹೋಗುತ್ತದೆ. ಬೇಡ ಅಂದೆ.

ಪಶು ಆಸ್ಪತ್ರೆಯೊಂದಕ್ಕೆ ಹೊತ್ತುಕೊಂಡು ಹೋದರೆ ಅಲ್ಲಿದ್ದವರು ನಕ್ಕು ಕಳಿಸಿದರು. ಇನ್ನೊಂದು ಕಡೆಯ ಡಾಕ್ಟರ್ ಪುಣ್ಯಾತ್ಮರು. ತೂಕ ನೋಡಿ ಆಂಟಿಬಯೋಟಿಕ್ ಬರೆದರು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಹೇಳಿದರು. ನಾಯಿ ಹಲ್ಲಿನ ತೂತಿಗೆ ಇದು ಬೇಕೇ ಬೇಕು. ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳ ಇರುತ್ತದೆ. ಅಳತೆ ನಾನು ಬರೆಯುವುದಿಲ್ಲ, ಕೋಳಿ ಕೋಳಿಗೂ ಬೇರೆ.

ಈಗ ಕಾಲಿನ ವಿಷಯ. ಇದರಲ್ಲೇ ನಾನು ಜಾಸ್ತಿ ಪೆಟ್ಟು ತಿಂದಿದ್ದು. ಹಿಂದೆ ಒಂದು ಹುಂಜಕ್ಕೆ ಬಿದಿರಿನ ಸೀಳು ಕಟ್ಟಿದ್ದೆ. ಕೋಳಿ ಕಾಲು ಗುಂಡಗೆ, ಸೀಳು ಚಪ್ಪಟೆ. ಎರಡೇ ದಿನಕ್ಕೆ ಜಾರಿ ಕೆಳಗೆ ಬಂತು, ತುದಿ ಉಜ್ಜಿ ಇನ್ನೊಂದು ಗಾಯ ಆಯಿತು. ಆ ಹುಂಜ ಉಳಿಯಲಿಲ್ಲ. ಕೆಂಚಿಗೆ ಮೊದಲು ಐಸ್‌ಕ್ರೀಂ ಕಡ್ಡಿ ಇಟ್ಟು ಬಿಳಿ ಟೇಪು ಸುತ್ತಿದೆ. ನೀರು, ಹಿಕ್ಕೆ ಎಲ್ಲ ಕುಡಿದು ಟೇಪು ನೆನೆಯಿತು, ಒಣಗಿ ಬಿಗಿಯಿತು. ಸಂಜೆ ಮುಟ್ಟಿದರೆ ಬೆರಳು ತಣ್ಣಗೆ. ತಕ್ಷಣ ಬಿಚ್ಚಿದೆ. ಟೇಪು, ಹತ್ತಿ, ಕಡ್ಡಿ ಅಂತ ನೂರು ರೂಪಾಯಿ ಅಲ್ಲೇ ಹೋಯಿತು.

ನಮ್ಮದು ದಾಳಿಂಬೆ ತೋಟ. ಗಿಡದ ಸಾಲಿಗೆ ಎಳೆದ 16 ಎಂಎಂ ಡ್ರಿಪ್ ಲ್ಯಾಟರಲ್ಲು, ಅಂದರೆ ಹನಿ ನೀರಾವರಿಯ ಸಣ್ಣ ಪೈಪು, ಇಲಿ ಕಡಿದದ್ದು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಒಂದು ತುಂಡು ಕೆಂಚಿಯ ಕಾಲ ಪಕ್ಕ ಹಿಡಿದು ನೋಡಿದೆ. ಹತ್ತಿ ಸುತ್ತಿದ ಕಾಲಿಗೆ ಅಳತೆ ತೆಗೆದು ಮಾಡಿದ ಹಾಗೆ! ಉದ್ದಕ್ಕೆ ಸೀಳಿ, ಒಂದು ಪಟ್ಟಿ ತೆಗೆದುಹಾಕಿ, ಕಾಲಿನ ಮುಕ್ಕಾಲು ಸುತ್ತು ಮುಚ್ಚುವ ಹಾಗೆ ಮಾಡಿಕೊಂಡೆ. ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ, ಆಗ ಬೇಕಾದ ಹಾಗೆ ಬಾಗಿಸಬಹುದು. ಅಂಚನ್ನು ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದೆ.

ಕಟ್ಟುವಾಗ ಮನೆಯವರು ಹಿಡಿದುಕೊಂಡರು. ಹಳೆ ಟವೆಲ್ಲಿನಲ್ಲಿ ಕೋಳಿ ಸುತ್ತಿ ತಲೆಗೂ ಬಟ್ಟೆ ಮುಚ್ಚಿದರೆ ಗಪ್ ಆಗುತ್ತದೆ. ಬೆರಳುಗಳನ್ನು ಮೆಲ್ಲಗೆ ಕೆಳಕ್ಕೆ ಎಳೆದು ಹಿಡಿದು, ಹೆಬ್ಬೆರಳಲ್ಲಿ ಎಲುಬಿನ ಎರಡು ತುದಿ ಹುಡುಕಬೇಕು. ಕರಕರ ಅಂತ ಕೈಗೆ ಸಿಗುತ್ತದೆ. ಆ ಕರಕರ ನಿಂತು ಕಾಲು ನೆಟ್ಟಗಾದಾಗ ಪೈಪು ಕೂರಿಸಿ, ಅಗಲ ಕಮ್ಮಿ ಇರುವ ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ಮೊದಲ ಪೈಪು ಗಿಡ್ಡ ಆಗಿತ್ತು, ಎಲುಬು ಒಳಗೇ ಅಲುಗಿತು. ಎರಡನೆಯದಕ್ಕೆ ಮೇಲಿನ ಕೀಲನ್ನೂ ಸೇರಿಸಿ, ಸ್ವಲ್ಪ ಮಡಚಿದ ಹಾಗೆ ಕಟ್ಟಿದೆ. ಅಲ್ಲಿಂದ ಜಾರಲೇ ಇಲ್ಲ. ಆ ಕೀಲಿನ ಹತ್ತಿರ ಬ್ಯಾಂಡೇಜ್ ತಿರುವುವ ಒಂದು ಪಟ್ಟು ಇದೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಎರಡು ಮೂರು ದಿನಕ್ಕೆ ಬೆರಳ ಬುಡ, ತೊಡೆ ಎಲ್ಲ ಹಸಿರಾಯಿತು. ಇದನ್ನು ನೋಡಿಯೇ ಎಷ್ಟೋ ಜನ ಕತ್ತಿ ತೆಗೆಯುತ್ತಾರೆ. ನಮ್ಮತ್ತೆಯೂ "ಕೊಳೀತು ನೋಡು" ಅಂದರು. ಕೊಳೆತಿಲ್ಲ. ನಮಗೆ ಪೆಟ್ಟು ಬಿದ್ದರೆ ನೀಲಿಯಾಗಿ ಹಳದಿಯಾಗುತ್ತದೆ ಅಲ್ವಾ, ಕೋಳಿಗೆ ಹಸಿರಾಗುತ್ತದೆ. ಹೆಪ್ಪುಗಟ್ಟಿದ ರಕ್ತ ಕರಗುವಾಗ ಹಸಿರು ಬಣ್ಣದ ಹಂತಕ್ಕೆ ಬಂದು ನಿಲ್ಲುತ್ತದೆ, ಅದನ್ನು ಹಳದಿ ಮಾಡುವ ರಸ ಪಕ್ಷಿಗಳಲ್ಲಿ ಇಲ್ಲ. ಆಮೇಲೆ ತಾನಾಗಿ ಮಾಸುತ್ತದೆ. ನಿಜವಾಗಿ ಸತ್ತ ಕಾಲು ಕಪ್ಪಾಗಿ, ತಣ್ಣಗಾಗಿ ನಾರುತ್ತದೆ. ಬೆರಳು ಬೆಚ್ಚಗಿದ್ದು, ಚಿವುಟಿದರೆ ಎಳೆದುಕೊಂಡರೆ ಕಾಲು ಜೀವಂತ ಇದೆ. ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದೆ.

ಬೆನ್ನಿನ ತೂತು ಬೇರೆ ಕಾಟ ಕೊಟ್ಟಿತು. ಕೋಳಿಯ ಕೀವು ನೀರಾಗಿ ಹರಿಯುವುದಿಲ್ಲ, ಗಿಣ್ಣದ ತುಂಡಿನ ಹಾಗೆ ಗಟ್ಟಿ ಕೂರುತ್ತದೆ. ಉಪ್ಪುನೀರಲ್ಲಿ ನೆನೆಸಿ ಚಿಮಟದಲ್ಲಿ ತೆಗೆಯಬೇಕು. ಅದರ ಮೇಲೆ ನೊಣ. ನಮ್ಮ 40 ಡಿಗ್ರಿ ಬಿಸಿಲಿಗೆ ನೊಣದ ಮೊಟ್ಟೆ ದಿನ ತುಂಬುವುದರೊಳಗೆ ಹುಳ ಆಗುತ್ತದೆ. ಒಂದು ಬೆಳಗ್ಗೆ ನಾಕೈದು ಹುಳ ಸಿಕ್ಕವು, ಆರಿಸಿ ತೆಗೆದೆ. ಅಲ್ಲಿಂದ ಡಬ್ಬಿಗೆ ಹಳೆ ಸೊಳ್ಳೆ ಪರದೆ ಕಟ್ಟಿದೆ, ಗಾಯದ ಸುತ್ತ ಬೇವಿನೆಣ್ಣೆ ಸವರಿದೆ. ಬರೀ ಬೇವಿನೆಣ್ಣೆ ಅಲ್ಲ, ಇನ್ನೆರಡು ಸೇರಿಸುತ್ತೇನೆ. ಅದು ನಮ್ಮವ್ವ ಹೇಳಿಕೊಟ್ಟಿದ್ದು, ನಮ್ಮ ಮನೆಯಲ್ಲೇ ಇರಲಿ.

ನಡುವೆ ಸುಮ್ನೆ ಕೂರದೆ ಏನೇನೋ ಮಾಡಿ ನೋಡಿದೆ. ಹಳೆ ಬನಿಯನ್ನಿಗೆ ಎರಡು ತೂತು ಮಾಡಿ, ಬಕೆಟ್ಟಿನ ಬಾಯಿಗೆ ಜೋಲಿ ಕಟ್ಟಿ ಕೂರಿಸಿದೆ. ಭಾರ ಕಾಲಿಗೆ ಬೀಳದಿರಲಿ ಅಂತ. ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿತ್ತು, ಅದಕ್ಕಿಂತ ಜಾಸ್ತಿ ಆದರೆ ಒದ್ದಾಡಿತು. ಎದೆ ಹುಣ್ಣಾಗದಿರಲು ದಿನಕ್ಕೊಂದು ಸಲ ಸಾಕು. ತಂಪಿಗೆ ಅಂತ ಮಜ್ಜಿಗೆ ಕುಡಿಸಿದೆ, ಹಿಕ್ಕೆ ನೀರಾಯಿತು, ಬಿಟ್ಟೆ. ಒಂಟಿಯಾಗದಿರಲಿ ಅಂತ ಒಂದು ಎಳೆ ಹೇಂಟೆ ಜೊತೆಗಿಟ್ಟೆ, ಅದು ಕೆಂಪು ಗಾಯ ಕಂಡು ಕುಕ್ಕಲು ಶುರು ಮಾಡಿತು. ಆಮೇಲೆ ನಡುವೆ ಜಾಳಿಗೆ ಇಟ್ಟೆ. ಒಂದಕ್ಕೊಂದು ಕಾಣಬೇಕು, ಮುಟ್ಟಬಾರದು.

ಮೇವಿಗೆ ಜೋಳದ ನುಚ್ಚು, ಬೇಯಿಸಿದ ಮೊಟ್ಟೆ, ನುಗ್ಗೆ ಸೊಪ್ಪು. ನೀರಿಗೆ ಸ್ವಲ್ಪ ಬೆಲ್ಲ, ದಿನಾ ಎರಡು ಹನಿ ವಿಮೆರಾಲ್ ಅನ್ನುವ ವಿಟಮಿನ್ ಔಷಧಿ. ತಾನಾಗಿ ಕುಡಿಯದಿದ್ದಾಗ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಬಿಡಿ. ಬಾಯಿ ತೆರೆದು ಸುರಿದರೆ ನಾಲಿಗೆಯ ಬುಡದಲ್ಲೇ ಇರುವ ಉಸಿರಿನ ತೂತಿಗೆ ಹೋಗುತ್ತದೆ. ಮಧ್ಯಾಹ್ನ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದೆ.

ಮೂರು ವಾರದ ಆಸುಪಾಸಿಗೆ ಪೈಪು ತೆಗೆದೆ. ಮುರಿದ ಜಾಗದಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕಿತು, ಎಲುಬು ಕೂಡಿತ್ತು. ಮೊದಲು ಕುಂಟಿತು, ಬೆರಳು ಅಗಲಿಸಲು ಹೆದರಿತು. ಇನ್ನೊಂದು ಹದಿನೈದು ದಿನ ಡಬ್ಬಿಗೂ ಅಂಗಳಕ್ಕೂ ಓಡಾಡಿಸಿದೆ. ಬಿಳಚಿದ್ದ ಜುಟ್ಟು ಕೆಂಪಾದ ಮೇಲೆ, ರಾತ್ರಿ ಎಲ್ಲ ಮಲಗಿದಾಗ ಗೂಡಿಗೆ ಬಿಟ್ಟೆ. ಹಗಲಲ್ಲಿ ಬಿಟ್ಟಿದ್ದರೆ ಕುಕ್ಕಿ ಹಾಕುತ್ತಿದ್ದವು. ಎಲ್ಲ ಸೇರಿ ಏಳು ನೂರರ ಹತ್ತಿರ ಖರ್ಚಾಯಿತು, ಅದರಲ್ಲಿ ಅರ್ಧ ಔಷಧಿ ಮತ್ತು ಓಡಾಟ. ಪೈಪಿಗೆ ಒಂದು ಪೈಸೆ ಇಲ್ಲ. ಈಗ ನಮ್ಮತ್ತೆಯೇ ಬಂದವರಿಗೆಲ್ಲ ಕೆಂಚಿಯ ಕಾಲು ಎತ್ತಿ ತೋರಿಸುತ್ತಾರೆ.

ಊರಲ್ಲಿ ಕಾಲು ಮುರಿದ ಕೋಳಿ ಇದ್ದರೆ ನನ್ನ ಹತ್ತಿರ ತರುತ್ತಾರೆ. ತನ್ನಿ, ಆದರೆ ನೋಡಿಕೊಂಡು ತನ್ನಿ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ದರೆ, ಕತ್ತು ತಿರುಚಿದ್ದರೆ ಅದು ಮುರಿತ ಇರಲಿಕ್ಕಿಲ್ಲ, ಕೋಳಿಯಿಂದ ಕೋಳಿಗೆ ಹರಡುವ ಮರೆಕ್ಸ್ ರೋಗವೋ ಕೊಕ್ಕರೆ ರೋಗವೋ (ರಾಣಿಖೇತ್) ಇರಬಹುದು. ಅಂಥದ್ದು ನಮ್ಮ ಅಂಗಳಕ್ಕೆ ಬೇಡ. ತೊಡೆಯ ಮೇಲಿನ ಎಲುಬು ಮುರಿದಿದ್ದರೆ ಪೈಪು ನಿಲ್ಲುವುದಿಲ್ಲ. ರೆಕ್ಕೆಯ ಬುಡದ ಎಲುಬು ಮುರಿದು ಹೊರಗೆ ಬಂದಿದ್ದರೆ ನೀರು ಚಿಮ್ಮಿಸಲೇಬೇಡಿ, ಆ ಎಲುಬು ಪೊಳ್ಳು, ಉಸಿರಿನ ಚೀಲಕ್ಕೆ ದಾರಿ ಇದೆ. ನೇರ ಡಾಕ್ಟರ ಹತ್ತಿರ ಹೋಗಿ. ಬರುವಾಗ 16 ಎಂಎಂ ಪೈಪಿನ ಒಂದು ಗೇಣು ತುಂಡು ನೀವೇ ತನ್ನಿ, ನಮ್ಮ ತೋಟದ ರಾಶಿ ಮುಗಿಯುತ್ತಾ ಬಂತು.